ಒಳಗಿನ ಡಿಸ್ಕ್, ಹೊರಗಿನ ಕಾರ್ಡ್: ಮನೆ ವಿಡಿಯೋ ಕ್ಯಾಮೆರಾ ತನ್ನ ಚಿತ್ರಗಳನ್ನು ಎಲ್ಲಿಟ್ಟಿತು?

ಕರಾವಳಿಯ ಒಂದು ಬಯಲಿನಲ್ಲಿ ರಾತ್ರಿ ಒಂಬತ್ತೂವರೆಗೆ ಶುರುವಾದ ಯಕ್ಷಗಾನ ಬೆಳಗಿನ ಜಾವ ಮಂಗಳ ಹಾಡುವವರೆಗೂ ನಡೆಯುತ್ತದೆ ಎಂದಿಟ್ಟುಕೊಳ್ಳಿ. ಎಂಟು ಗಂಟೆಯ ಆಟ. ಅದನ್ನು ಪೂರ್ತಿ ಹಿಡಿಯಲು 2000ನೇ ಇಸವಿಯ ಹ್ಯಾಂಡಿಕ್ಯಾಮ್‌ಗೆ ಒಂದೊಂದು ಗಂಟೆಯ ಎಂಟು ಕ್ಯಾಸೆಟ್ ಬೇಕು. ಏಳು ಸಲ ಕ್ಯಾಸೆಟ್ ಬದಲಿಸಬೇಕು, ಏಳು ಕಡೆ ಪದ್ಯವೋ ಅರ್ಥವೋ ತುಂಡಾಗುತ್ತದೆ. ಪುಟ್ಟ ಡಿವಿಡಿ ಹಾಕುವ ಕ್ಯಾಮೆರಾವಾದರೆ ಒಳ್ಳೆಯ ಗುಣಮಟ್ಟದಲ್ಲಿ ಇಪ್ಪತ್ತು ನಿಮಿಷಕ್ಕೊಂದು ಡಿಸ್ಕ್, ಒಟ್ಟು ಇಪ್ಪತ್ತನಾಲ್ಕು. 2005ರಲ್ಲಿ ಪೇಟೆಗೆ ಬಂದ, ಹೊಟ್ಟೆಯೊಳಗೇ 30 ಜಿಬಿ ಹಾರ್ಡ್ ಡಿಸ್ಕ್ ಇದ್ದ ಕ್ಯಾಮೆರಾ ಮಾತ್ರ ಅದೇ ಗುಣಮಟ್ಟದಲ್ಲಿ ಏಳು ಗಂಟೆಗೂ ಮೀರಿದ ಚಿತ್ರವನ್ನು ಏನನ್ನೂ ಬದಲಿಸದೆ ತುಂಬಿಕೊಳ್ಳುತ್ತಿತ್ತು. ಗುಣಮಟ್ಟವನ್ನು ಒಂದು ಮೆಟ್ಟಿಲು ಇಳಿಸಿದರೆ ಇಡೀ ರಾತ್ರಿ ಅದರೊಳಗೆ ಹಿಡಿಯುತ್ತಿತ್ತು.

ಇಷ್ಟು ಅನುಕೂಲವಿದ್ದ ಆ ಕ್ಯಾಮೆರಾ ಹತ್ತು ವರ್ಷ ಕೂಡ ಬಾಳಲಿಲ್ಲ. ಚಿತ್ರವನ್ನು ಕ್ಯಾಮೆರಾದ ಒಳಗೇ ಕಟ್ಟಿಹಾಕುವುದೇ, ಕೈಗೆ ತೆಗೆದುಕೊಳ್ಳುವಂತೆ ಹೊರಗಿಡುವುದೇ ಎಂಬ ಪ್ರಶ್ನೆಯನ್ನು ಬಹಳ ಜನ ಬರೀ ಜಿಬಿಗಳ ಲೆಕ್ಕವೆಂದು ನೋಡಿದರು. ಯಂತ್ರ ಹಾಳಾದ ದಿನ ಚಿತ್ರದ ಗತಿ ಏನು ಎಂಬುದೂ ಅದೇ ಪ್ರಶ್ನೆಯ ಭಾಗವಾಗಿತ್ತು.

ಕ್ಯಾಸೆಟ್ಟಿನ ಕಾಲ

ಮನೆಬಳಕೆಯ ವಿಡಿಯೋ ಕ್ಯಾಮೆರಾ ಹುಟ್ಟಿದ್ದೇ ಹೊರತೆಗೆಯುವ ಮಾಧ್ಯಮದೊಂದಿಗೆ. 1983ರಲ್ಲಿ ಸೋನಿ ತಂದ ಬೀಟಾಮೂವಿ, ಕ್ಯಾಮೆರಾ ಮತ್ತು ರೆಕಾರ್ಡರ್ ಎರಡನ್ನೂ ಒಂದೇ ಮೈಯಲ್ಲಿ ಸೇರಿಸಿತು. ಅದಕ್ಕೆ ರೆಕಾರ್ಡ್ ಮಾಡಲು ಮಾತ್ರ ಬರುತ್ತಿತ್ತು. ತೆಗೆದದ್ದನ್ನು ನೋಡಬೇಕಾದರೆ ಕ್ಯಾಸೆಟ್ಟನ್ನು ಹೊರತೆಗೆದು ಮನೆಯ ಪ್ಲೇಯರಿಗೇ ಹಾಕಬೇಕು. ಮರುವರ್ಷ ಜೆವಿಸಿ ಕಂಪನಿಯ ಜಿಆರ್-ಸಿ1 ಬಂತು. ಅದರ ಚಿಕ್ಕ ಕ್ಯಾಸೆಟ್ಟನ್ನು ಒಂದು ಹೊರಕವಚದೊಳಗೆ ಕೂರಿಸಿದರೆ ಸಾಮಾನ್ಯ ವಿಎಚ್‌ಎಸ್ ಪ್ಲೇಯರಿನಲ್ಲೇ ಓಡುತ್ತಿತ್ತು. 1985ರಲ್ಲಿ ಸೋನಿಯ ಮೊದಲ ಹ್ಯಾಂಡಿಕ್ಯಾಮ್ ಬಂತು, 8 ಮಿ.ಮೀ. ಟೇಪಿನದು. 1995ರಲ್ಲಿ ಡಿಜಿಟಲ್ ಟೇಪು, ಅಂದರೆ ಮಿನಿಡಿವಿ.

ಮಿನಿಡಿವಿಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಮುಂದೆ ಬಂದ ಎಲ್ಲವನ್ನೂ ಅಳೆಯಬೇಕಾದದ್ದು ಅದರಿಂದಲೇ. ಅಂಗೈಯಲ್ಲಿ ಮುಚ್ಚಿಕೊಳ್ಳಬಹುದಾದ ಆ ಕ್ಯಾಸೆಟ್ಟಿನಲ್ಲಿ ಕಾಲು ಅಂಗುಲ ಅಗಲದ ಟೇಪು. ಸೆಕೆಂಡಿಗೆ 25 ಮೆಗಾಬಿಟ್ ವಿಡಿಯೋ, ಜೊತೆಗೆ ಧ್ವನಿ. ಒಂದು ಗಂಟೆಯ ಚಿತ್ರ ಕಂಪ್ಯೂಟರಿಗೆ ಇಳಿದಾಗ ಸುಮಾರು 13 ಜಿಬಿ ಆಗುತ್ತಿತ್ತು. ಇಷ್ಟನ್ನು ಹೊರುವ ಮಾಧ್ಯಮ ಮದುವೆಗೆ ಹತ್ತಾರು ಬಳಸುವಷ್ಟು ಅಗ್ಗವಾಗಿಯೂ ಇತ್ತು. ಹಾಗಾಗಿ ಟೇಪನ್ನು ಅಳಿಸಿ ಮತ್ತೆ ಬಳಸಲು ಯಾರಿಗೂ ಅಂಥ ಅವಸರವಿರಲಿಲ್ಲ. ಬೆನ್ನಿನ ಮೇಲಿನ ಚೀಟಿಯಲ್ಲಿ ‘ಪುಟ್ಟಿಯ ನಾಮಕರಣ’ ಎಂದು ಬರೆದು, ಅಂಚಿನ ಚಿಕ್ಕ ಗುಂಡಿಯನ್ನು ಸರಿಸಿ, ಬೀರುವಿನಲ್ಲಿಟ್ಟರೆ ಮುಗಿಯಿತು. ಗುಂಡಿ ಸರಿಸಿದ ಮೇಲೆ ಅದರ ಮೇಲೆ ತಪ್ಪಿಯೂ ರೆಕಾರ್ಡ್ ಆಗುವಂತಿರಲಿಲ್ಲ. ಚಿತ್ರ ಹಿಡಿದ ವಸ್ತುವೇ ಚಿತ್ರ ಕಾಯುವ ವಸ್ತುವೂ ಆಗಿತ್ತು.

ತೊಂದರೆಗಳೂ ಇದ್ದವು. ಕಂಪ್ಯೂಟರಿಗೆ ಇಳಿಸಬೇಕಾದರೆ ಒಂದು ಗಂಟೆಯ ಟೇಪಿಗೆ ಒಂದು ಗಂಟೆಯೇ ಹಿಡಿಯುತ್ತಿತ್ತು. ನಡುವಿನ ಒಂದು ದೃಶ್ಯ ಬೇಕಾದರೆ ಸುತ್ತಿ ಸುತ್ತಿ ಹುಡುಕಬೇಕು. ಮಲೆನಾಡು, ಕರಾವಳಿಯ ಮನೆಗಳಲ್ಲಿ ನಾಲ್ಕು ತಿಂಗಳ ಮಳೆಯ ತೇವಕ್ಕೆ ಟೇಪಿನ ಅಂಚಿಗೆ ಬಿಳಿಯ ಬೂಷ್ಟು ಹಿಡಿಯುತ್ತಿತ್ತು. ಅಂಥ ಟೇಪನ್ನು ಹಾಗೇ ಹಾಕಿದರೆ ಪ್ಲೇಯರಿನ ಹೆಡ್ಡೂ ಕೆಡುತ್ತಿತ್ತು.

ಪುಟ್ಟ ಡಿವಿಡಿಯ ಅಲ್ಪಾಯುಷ್ಯ

2000ನೇ ಇಸವಿಯಲ್ಲಿ ಹಿಟಾಚಿ 8 ಸೆಂ.ಮೀ. ಡಿವಿಡಿಗೆ ರೆಕಾರ್ಡ್ ಮಾಡುವ ಕ್ಯಾಮೆರಾ ತಂದಿತು. ಮುಂದೆ ಸೋನಿ, ಪ್ಯಾನಾಸೋನಿಕ್, ಕ್ಯಾನನ್ ಎಲ್ಲರೂ ಆ ದಾರಿ ಹಿಡಿದರು. ಒಂದು ಬದಿಗೆ 1.4 ಜಿಬಿ. ಆಸೆ ಹುಟ್ಟಿಸಿದ್ದು, ತೆಗೆದ ಡಿಸ್ಕನ್ನು ನೇರ ಟಿವಿ ಕೆಳಗಿನ ಪ್ಲೇಯರಿಗೆ ಹಾಕಬಹುದೆಂಬ ಮಾತು. ಅದಕ್ಕೆ ಮುಂಚೆ ಕ್ಯಾಮೆರಾದಲ್ಲೇ ಡಿಸ್ಕನ್ನು ‘ಫೈನಲೈಸ್’ ಮಾಡಬೇಕಿತ್ತು. ಅದನ್ನು ಮರೆತು ಎತ್ತಿಟ್ಟ ಡಿಸ್ಕುಗಳು ಬೇರೆ ಪ್ಲೇಯರುಗಳಲ್ಲಿ ಖಾಲಿಯಂತೆ ಕಾಣುತ್ತವೆ. ಆ ಕ್ಯಾಮೆರಾ ಮನೆಯಲ್ಲಿ ಇನ್ನೂ ಓಡುತ್ತಿದ್ದರೆ ಅದರಲ್ಲೇ ಹಾಕಿ ಈಗಲೂ ಫೈನಲೈಸ್ ಮಾಡಬಹುದು.

ಹಾರ್ಡ್ ಡಿಸ್ಕ್ ಒಳಗೆ ಬಂದದ್ದು

ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಕೈ ಕ್ಯಾಮೆರಾದೊಳಗೆ ಕೂರುವಷ್ಟು ಕಿರಿದಾಗಲು ಎರಡು ದಾರಿ ಇದ್ದವು. ಒಂದು, 1999ರಲ್ಲಿ ಐಬಿಎಂ ಮಾಡಿದ ಮೈಕ್ರೋಡ್ರೈವ್. ಒಂದು ಅಂಗುಲದ ತಟ್ಟೆಯನ್ನು ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡಿನ ಅಳತೆಯ ಪೆಟ್ಟಿಗೆಯಲ್ಲಿ ಅಡಗಿಸಿದ್ದು. ಮೊದಲಿಗೆ 170 ಮತ್ತು 340 ಎಂಬಿ. ಆ ವಿಭಾಗ ಮುಂದೆ ಹಿಟಾಚಿಯ ಕೈಸೇರಿತು. ಇನ್ನೊಂದು, ತೋಷಿಬಾದ 1.8 ಅಂಗುಲದ ಡಿಸ್ಕ್. 2001ರಲ್ಲಿ ಆಪಲ್‌ನ ಮೊದಲ ಐಪಾಡ್ ಸಾಧ್ಯವಾದದ್ದೇ ಅದರಿಂದ.

2004ರಲ್ಲಿ ಜೆವಿಸಿ ‘ಎವೆರಿಯೋ’ ಹೆಸರಿನ ಎರಡು ಕ್ಯಾಮೆರಾ ಬಿಟ್ಟಿತು. ಹಾರ್ಡ್ ಡಿಸ್ಕ್ ಕ್ಯಾಮೆರಾ ಎಂದರೆ ಒಳಗೇ ಬೆಸೆದ ಡಿಸ್ಕ್ ಎಂದು ನಾವೆಲ್ಲ ಅಂದುಕೊಂಡಿದ್ದೇವೆ. ಆದರೆ ಈ ಮೊದಲ ಎವೆರಿಯೋಗಳಲ್ಲಿ ಇದ್ದದ್ದು 4 ಜಿಬಿಯ ಮೈಕ್ರೋಡ್ರೈವ್, ಅದೂ ಹೊರತೆಗೆಯಲು ಬರುವಂಥದ್ದು. ಒಂದು ತುಂಬಿದರೆ ತೆಗೆದು ಇನ್ನೊಂದು ಹಾಕಬಹುದಿತ್ತು. ಅತ್ಯುತ್ತಮ ಗುಣಮಟ್ಟದಲ್ಲಿ ಒಂದರಲ್ಲಿ ಸುಮಾರು ಒಂದು ಗಂಟೆ. ಟೇಪಿನ ಸ್ವಭಾವ, ಡಿಸ್ಕಿನ ವೇಗ ಎರಡೂ ಕೂಡಿದ್ದ ಜೋಡಣೆ ಅದು. ಆದರೆ ಒಂದು ಮೈಕ್ರೋಡ್ರೈವಿನ ಬೆಲೆಗೆ ರಾಶಿ ಕ್ಯಾಸೆಟ್ ಬರುತ್ತಿದ್ದವು, ಎರಡನೆಯದನ್ನು ಕೊಳ್ಳುವವರು ಕಡಿಮೆ. ಮರುವರ್ಷವೇ ಜೆವಿಸಿ 1.8 ಅಂಗುಲದ 20 ಮತ್ತು 30 ಜಿಬಿ ಡಿಸ್ಕನ್ನು ಕ್ಯಾಮೆರಾದೊಳಗೆ ಶಾಶ್ವತವಾಗಿ ಕೂರಿಸಿತು. ಹೊರತೆಗೆಯುವ ಡಿಸ್ಕಿನ ವಿಚಾರವನ್ನು ಅಷ್ಟು ಬೇಗ ಬಿಟ್ಟದ್ದು ದೊಡ್ಡ ನಷ್ಟವೆಂದೇ ನನ್ನ ಎಣಿಕೆ.

ಉಳಿದವರು ಹಿಂದೆಯೇ ಬಂದರು. ತೋಷಿಬಾ ತನ್ನದೇ ಡಿಸ್ಕಿನ ‘ಗಿಗಾಶಾಟ್’ ತಂದಿತು. 2006ರಲ್ಲಿ ಸೋನಿ ಮತ್ತು ಪ್ಯಾನಾಸೋನಿಕ್ ಸೇರಿ ಎವಿಸಿಎಚ್‌ಡಿ ಎಂಬ ಹೈ ಡೆಫಿನಿಷನ್ ವಿಧಾನವನ್ನು ಘೋಷಿಸಿದವು. ಅದೇ ವರ್ಷ ಸೋನಿಯ ಎಚ್‌ಡಿಆರ್-ಎಸ್‌ಆರ್1 ಬಂತು, 30 ಜಿಬಿ ಡಿಸ್ಕಿನಲ್ಲಿ ಸುಮಾರು ನಾಲ್ಕು ಗಂಟೆಯ ಹೈ ಡೆಫಿನಿಷನ್ ಚಿತ್ರ. 2007ರಲ್ಲಿ ಕ್ಯಾನನ್ ಎಚ್‌ಜಿ10, 40 ಜಿಬಿ. 2008ರಲ್ಲಿ 120 ಜಿಬಿ, 2009ರಲ್ಲಿ 240 ಜಿಬಿ. ಮೂರು ವರ್ಷದಲ್ಲಿ ಎಂಟು ಪಟ್ಟು.

ತಿರುಗುವ ತಟ್ಟೆ, ಕುಲುಕುವ ಕೈ

ಹಾರ್ಡ್ ಡಿಸ್ಕಿನ ಒಳಗೆ ಕನ್ನಡಿಯಂತೆ ನುಣುಪಾದ ತಟ್ಟೆ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತದೆ. 1.8 ಅಂಗುಲದ ಡಿಸ್ಕುಗಳಲ್ಲಿ ಸಾಮಾನ್ಯವಾಗಿ 4200 ಸುತ್ತು. ಬರೆಯುವ ಹೆಡ್ ತಟ್ಟೆಯನ್ನು ಮುಟ್ಟುವುದಿಲ್ಲ. ತಟ್ಟೆಯ ವೇಗಕ್ಕೆ ಎದ್ದ ಗಾಳಿಯ ತೆಳುಪದರದ ಮೇಲೆ ತೇಲುತ್ತದೆ. ನಡುವಿನ ಸಂದು ಹತ್ತಿಪ್ಪತ್ತು ನ್ಯಾನೋಮೀಟರಿನಷ್ಟು, ಅಂದರೆ ತಲೆಗೂದಲಿನ ದಪ್ಪದ ಸಾವಿರದಲ್ಲೊಂದು ಪಾಲಿಗಿಂತಲೂ ಬಹಳ ಕಡಿಮೆ. ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ಇದು ನೆಮ್ಮದಿಯಾಗಿ ನಡೆಯುತ್ತದೆ. ಮಗುವಿನ ಹಿಂದೆ ಓಡುವ ಅಪ್ಪನ ಕೈಯಲ್ಲಿ, ರಥಬೀದಿಯ ನೂಕುನುಗ್ಗಲಿನಲ್ಲಿ, ಘಟ್ಟದ ತಿರುವಿನ ಬಸ್ಸಿನಲ್ಲಿ ಇದೇ ಯಂತ್ರ ಕೆಲಸ ಮಾಡಬೇಕಿತ್ತು.

ಎಂಜಿನಿಯರುಗಳು ಇದಕ್ಕೆ ಮಾಡಿದ ವ್ಯವಸ್ಥೆಗಳು ನಿಜಕ್ಕೂ ಮೆಚ್ಚುವಂಥವು. ಡಿಸ್ಕಿನ ಸುತ್ತ ಮೆತ್ತನೆಯ ರಬ್ಬರ್ ಆಸರೆ. ಚಿತ್ರವನ್ನು ಮೊದಲು ಚಿಪ್ಪಿನ ತಾತ್ಕಾಲಿಕ ನೆನಪಿಗೆ ತುಂಬಿ, ಆಮೇಲೆ ಕಂತು ಕಂತಾಗಿ ಡಿಸ್ಕಿಗೆ ಬರೆಯುವ ಕ್ರಮ. ಹೀಗಾಗಿ ಒಂದೆರಡು ಕ್ಷಣದ ಕುಲುಕಾಟಕ್ಕೆ ಚಿತ್ರ ತುಂಡಾಗುತ್ತಿರಲಿಲ್ಲ. ಎಲ್ಲಕ್ಕಿಂತ ಜಾಣತನದ್ದು ಬೀಳುವುದನ್ನು ಗುರುತಿಸುವ ಸಂವೇದಕ. ಕೈಯಿಂದ ಜಾರಿದ ವಸ್ತು ಗಾಳಿಯಲ್ಲಿರುವಷ್ಟು ಹೊತ್ತು ಅದಕ್ಕೆ ತೂಕವೇ ಇಲ್ಲದಂತಾಗುತ್ತದೆ. ಸಂವೇದಕ ಆ ತೂಕವಿಲ್ಲದ ಸ್ಥಿತಿಯನ್ನು ಹಿಡಿದು ಕೂಡಲೇ ಹೆಡ್ಡನ್ನು ತಟ್ಟೆಯ ಮೇಲಿನಿಂದ ಪಕ್ಕದ ಇಳಿಜಾರಿಗೆ ಸರಿಸುತ್ತದೆ. ಒಂದು ಮೀಟರ್ ಎತ್ತರದಿಂದ ನೆಲ ಮುಟ್ಟಲು ಅರ್ಧ ಸೆಕೆಂಡೂ ಬೇಡ, ಅಷ್ಟರೊಳಗೆ ಈ ಕೆಲಸ ಮುಗಿಯಬೇಕು. ಇದರದ್ದೊಂದು ಅಡ್ಡಪರಿಣಾಮವೂ ಇತ್ತು. ಜಾತ್ರೆಯ ದೊಡ್ಡ ತೊಟ್ಟಿಲು ಮೇಲಿನಿಂದ ಸರ್ರನೆ ಇಳಿಯುವಂಥ ಹೊತ್ತನ್ನು ಸಂವೇದಕ ಬೀಳುವುದೆಂದೇ ತಿಳಿದರೆ ರೆಕಾರ್ಡಿಂಗ್ ಅಲ್ಲಿಗೇ ನಿಲ್ಲುತ್ತಿತ್ತು.

ಜೋರಾದ ಸದ್ದೂ ಕಂಪನವೇ. ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿದ್ದ ಎಂಜಿನಿಯರ್ ಬ್ರೆಂಡನ್ ಗ್ರೆಗ್ 2008ರ ಕೊನೆಯಲ್ಲಿ ಓಡುತ್ತಿದ್ದ ಹಾರ್ಡ್ ಡಿಸ್ಕುಗಳ ಸಾಲಿನ ಮುಂದೆ ಗಂಟಲು ಹರಿಯುವಂತೆ ಕೂಗಿ, ಆ ಕ್ಷಣಕ್ಕೆ ಅವುಗಳ ವೇಗ ಕುಸಿದದ್ದನ್ನು ಪರದೆಯ ಮೇಲೆ ತೋರಿಸಿದ ವಿಡಿಯೋ ಪ್ರಸಿದ್ಧ. ಧ್ವನಿವರ್ಧಕದ ಕಂಬದ ಬುಡದಲ್ಲಿ, ಚಂಡೆಯ ಮಗ್ಗುಲಲ್ಲಿ ಹಾರ್ಡ್ ಡಿಸ್ಕ್ ಕ್ಯಾಮೆರಾ ಇಡುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಿತ್ತು.

ಎಲ್ಲಕ್ಕಿಂತ ವಿಚಿತ್ರವಾದ ಮಿತಿ ಎತ್ತರದ್ದು. ಹೆಡ್ ತೇಲುವುದು ಗಾಳಿಯ ಮೇಲೆ ಎಂದೆನಲ್ಲ, ಗಾಳಿ ತೆಳುವಾದರೆ ಆಸರೆಯೂ ತೆಳುವಾಗುತ್ತದೆ. ಹಲವು ಕ್ಯಾಮೆರಾಗಳ ಕೈಪಿಡಿಯಲ್ಲಿ ಸುಮಾರು 3000 ಮೀಟರ್ ಎತ್ತರದ ಮೇಲೆ ಬಳಸಬೇಡಿ ಎಂಬ ಎಚ್ಚರಿಕೆ ಇತ್ತು. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿ 2000 ಮೀಟರನ್ನೂ ಮುಟ್ಟುವುದಿಲ್ಲ, ಹಾಗಾಗಿ ಇಲ್ಲಿ ತಿರುಗಾಡುವವರಿಗೆ ಅಡ್ಡಿಯಿಲ್ಲ. ಆದರೆ ಕೇದಾರನಾಥ 3500 ಮೀಟರ್ ದಾಟಿದೆ, ಲೇಹ್ ಪಟ್ಟಣವೂ ಅಷ್ಟೇ ಎತ್ತರ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೇ ಎರಡು ಪಾಲು. ಮಾನಸ ಸರೋವರ 4500 ಮೀಟರಿಗೂ ಮೇಲೆ. ಕರ್ನಾಟಕದಿಂದ ಪ್ರತಿವರ್ಷ ಈ ಯಾತ್ರೆಗಳಿಗೆ ಹೋಗುವವರಿದ್ದಾರೆ. ಬದುಕಿನಲ್ಲಿ ಒಮ್ಮೆ ಸಿಗುವ ಆ ದರ್ಶನದ ಜಾಗದಲ್ಲೇ ಕ್ಯಾಮೆರಾ ಕೈಕೊಡಬಹುದೆಂಬ ಮಾತು ಕೈಪಿಡಿಯ ಒಳಪುಟದಲ್ಲಿ ಚಿಕ್ಕ ಅಕ್ಷರದಲ್ಲಿತ್ತು. ಅಂಗಡಿಯ ಹಲಗೆಯ ಮೇಲೆ ದಪ್ಪಕ್ಷರದಲ್ಲಿ ಇದ್ದದ್ದು ಜಿಬಿ ಮಾತ್ರ.

ತುಂಬಿದ ಮೇಲೆ

ಹಾರ್ಡ್ ಡಿಸ್ಕ್ ಕ್ಯಾಮೆರಾದ ನಿಜವಾದ ಪರೀಕ್ಷೆ ರೆಕಾರ್ಡಿಂಗ್ ಮುಗಿದ ಮೇಲೆ ಶುರುವಾಗುತ್ತಿತ್ತು. ಟೇಪು ತುಂಬಿದರೆ ಇನ್ನೊಂದು ಟೇಪು. ಡಿಸ್ಕ್ ತುಂಬಿದರೆ ಕಂಪ್ಯೂಟರ್ ಬೇಕು. 60 ಜಿಬಿಯನ್ನು ಯುಎಸ್‌ಬಿ 2.0 ತಂತಿಯಲ್ಲಿ ಇಳಿಸಲು, ಎಲ್ಲ ಸರಿಯಿದ್ದರೂ, ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಆ ಹೊತ್ತಿನ ಮನೆ ಕಂಪ್ಯೂಟರುಗಳಲ್ಲಿ ಒಟ್ಟು ಜಾಗವೇ 80ರಿಂದ 160 ಜಿಬಿ. ಕಂಪ್ಯೂಟರೇ ಇಲ್ಲದ ಮನೆಗಳಿಗೆಂದು ಜೆವಿಸಿ, ಸೋನಿ ಎರಡೂ ಕ್ಯಾಮೆರಾಗೆ ನೇರ ಜೋಡಿಸುವ ಡಿವಿಡಿ ಬರೆಯುವ ಪೆಟ್ಟಿಗೆಗಳನ್ನು ಮಾರಿದವು. ಹೊರತೆಗೆಯುವ ಮಾಧ್ಯಮವನ್ನು ತೆಗೆದುಹಾಕಿದ ಮೇಲೆ ಅದನ್ನೇ ಇನ್ನೊಂದು ಪೆಟ್ಟಿಗೆಯಾಗಿ ಮತ್ತೆ ಕೊಳ್ಳಬೇಕಾಯಿತು.

ಹೀಗಾಗಿ ಬಹಳ ಜನ ಇಳಿಸಲೇ ಇಲ್ಲ. 30 ಜಿಬಿ ತುಂಬಲು ಕೆಲವರಿಗೆ ಎರಡು ವರ್ಷ ಹಿಡಿಯುತ್ತಿತ್ತು. ಅಲ್ಲಿಯವರೆಗೆ ಸೀಮಂತ, ಗೃಹಪ್ರವೇಶ, ಮಗುವಿನ ಮೊದಲ ಹೆಜ್ಜೆ, ಅಜ್ಜಿಯ ಕೊನೆಯ ದೀಪಾವಳಿ ಎಲ್ಲವೂ ಆ ಒಂದೇ ತಟ್ಟೆಯ ಮೇಲೆ, ಪ್ರತಿ ಇಲ್ಲದೆ. ಕ್ಯಾಮೆರಾ ಕಳುವಾದರೆ ಎರಡು ವರ್ಷದ ಚಿತ್ರವೂ ಹೋಯಿತು. ಟೇಪಿನ ಕ್ಯಾಮೆರಾ ಕಳೆದಾಗ ಹೋಗುತ್ತಿದ್ದದ್ದು ಒಳಗಿದ್ದ ಒಂದು ಕ್ಯಾಸೆಟ್ ಮಾತ್ರ.

ರಿಪೇರಿಯ ಸಂಗತಿ ಇನ್ನೂ ಕಠಿಣ. ಲೆನ್ಸಿನ ಮೋಟಾರ್ ಕೆಟ್ಟರೂ, ಪರದೆ ಒಡೆದರೂ, ಕ್ಯಾಮೆರಾ ಸರ್ವಿಸ್ ಸೆಂಟರಿಗೆ ಹೋಗುವಾಗ ಮನೆಯವರ ಚಿತ್ರಗಳೂ ಜೊತೆಗೇ ಹೋಗುತ್ತಿದ್ದವು. ಡಿಸ್ಕಿನಲ್ಲಿರುವ ಮಾಹಿತಿಗೆ ತಾವು ಹೊಣೆಯಲ್ಲ ಎಂಬ ಸಾಲು ಕೈಪಿಡಿಗಳಲ್ಲಿ ಮಾಮೂಲಾಗಿತ್ತು. ನಮ್ಮ ಬಳಗದ ಒಂದು ಮನೆಯ ಕ್ಯಾಮೆರಾ ಹೀಗೆಯೇ ಬೇರೇನೋ ದೋಷಕ್ಕೆ ಹೋಗಿ, ಡಿಸ್ಕ್ ಬದಲಾಗಿ, ಚೊಕ್ಕಟ ಖಾಲಿಯಾಗಿ ವಾಪಸ್ ಬಂತು. ಯಂತ್ರ ಸರಿಯಾಗಿತ್ತು. ಆ ಮನೆಯ ಹುಡುಗಿಯ ಮೊದಲ ಎರಡು ವರ್ಷ ಎಲ್ಲೂ ಇರಲಿಲ್ಲ. ಕ್ಯಾಮೆರಾ ಕೈಗೆ ಬಂದಾಗ ಅವರ ಅಮ್ಮ ಪರದೆ ತೆರೆದು ಮುಚ್ಚಿ, ಮತ್ತೆ ತೆರೆದು ನೋಡಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಕಸುಬಿನವರಿಗೆ ಈ ಲೆಕ್ಕ ಇನ್ನೂ ನೇರ. ಮುಹೂರ್ತದ ದಿನಗಳಲ್ಲಿ ಮದುವೆ ವಿಡಿಯೋದವರು ಬೆಳಗ್ಗೆ ಒಂದು ಛತ್ರ, ಸಂಜೆ ಇನ್ನೊಂದು ಛತ್ರದ ಆರತಕ್ಷತೆ ಹಿಡಿಯಬೇಕು. ಧಾರೆ ಮುಗಿದ ಕೂಡಲೇ ಟೇಪು ತೆಗೆದು ಎಡಿಟಿಂಗ್ ಮಾಡುವವರ ಕೈಗೆ ಕೊಟ್ಟು, ಹೊಸ ಟೇಪು ಹಾಕಿ ಮುಂದಿನ ಛತ್ರಕ್ಕೆ ಹೊರಡಬಹುದು. ಒಳಗಿನ ಡಿಸ್ಕಾದರೆ ಚಿತ್ರ ಕೊಡಲು ಕ್ಯಾಮೆರಾವನ್ನೇ ಬಿಟ್ಟುಹೋಗಬೇಕು, ಇಲ್ಲವೇ ತಂತಿ ಸಿಕ್ಕಿಸಿಕೊಂಡು ಕೂರಬೇಕು.

ಕಾರ್ಡು ಬೆಳೆದ ಬಗೆ

ಇತ್ತ ಮೆಮೊರಿ ಕಾರ್ಡು, ನಮ್ಮ ಜನರ ಬಾಯಲ್ಲಿ ‘ಚಿಪ್ಪು’, ಸದ್ದಿಲ್ಲದೆ ದೊಡ್ಡದಾಗುತ್ತಿತ್ತು. ಎಸ್‌ಡಿ ಕಾರ್ಡನ್ನು ಪ್ಯಾನಾಸೋನಿಕ್, ಸ್ಯಾನ್‌ಡಿಸ್ಕ್, ತೋಷಿಬಾ ಮೂವರೂ ಕೂಡಿ 1999ರಲ್ಲಿ ಘೋಷಿಸಿದ್ದರು. ಹಳೆಯ ಕಾರ್ಡುಗಳು ಸಾಮಾನ್ಯವಾಗಿ 2 ಜಿಬಿಗೆ ನಿಲ್ಲುತ್ತಿದ್ದವು. ಸೆಕೆಂಡಿಗೆ 9 ಮೆಗಾಬಿಟ್‌ನ ಚಿತ್ರಕ್ಕೆ ಅದು ಅರ್ಧ ಗಂಟೆ. 2006ರಲ್ಲಿ ಬಂದ ಎಸ್‌ಡಿಎಚ್‌ಸಿ ಮಿತಿಯನ್ನು 32 ಜಿಬಿಗೆ ಏರಿಸಿತು, 2009ರ ಎಸ್‌ಡಿಎಕ್ಸ್‌ಸಿ 2 ಟಿಬಿಗೆ.

ಚಿತ್ರವನ್ನು ಹಿಂಡುವ ವಿದ್ಯೆಯೂ ಜೊತೆಗೇ ಬೆಳೆಯಿತು. ಎವಿಸಿಎಚ್‌ಡಿ ಬಳಸಿದ ಎಚ್.264 ವಿಧಾನ ಹಳೆಯ ಡಿವಿಡಿಯ ಎಂಪೆಗ್-2ಗಿಂತ ಬಹಳ ಕಡಿಮೆ ಜಾಗದಲ್ಲಿ ಅಷ್ಟೇ ಚೆನ್ನಾದ ಚಿತ್ರ ಕೊಡುತ್ತಿತ್ತು. 32 ಜಿಬಿ ಕಾರ್ಡಿನಲ್ಲಿ ಸೆಕೆಂಡಿಗೆ 17 ಮೆಗಾಬಿಟ್‌ನಂತೆ ನಾಲ್ಕು ಗಂಟೆಗೂ ಹೆಚ್ಚು, ಗರಿಷ್ಠ 24 ಮೆಗಾಬಿಟ್‌ನಲ್ಲಿ ಮೂರು ಗಂಟೆಯ ಹತ್ತಿರ. ಒಂದು ಕುಟುಂಬದ ಯಾವ ಸಮಾರಂಭಕ್ಕೂ ಇದು ಸಾಕು. ಜಾಗದ ಒಂದೇ ಬಲದ ಮೇಲೆ ನಿಂತಿದ್ದ ಹಾರ್ಡ್ ಡಿಸ್ಕಿಗೆ ಆಮೇಲೆ ನಿಲ್ಲಲು ನೆಲವಿರಲಿಲ್ಲ. ಕಾರ್ಡಿಗೆ ತಿರುಗುವ ಭಾಗವಿಲ್ಲ, ಸದ್ದಿಲ್ಲ, ಎತ್ತರದ ಭಯವಿಲ್ಲ, ಬ್ಯಾಟರಿಯ ಮೇಲೆ ಮೋಟಾರಿನ ಭಾರವೂ ಇಲ್ಲ.

2008ರ ಆರಂಭದಲ್ಲಿ ಕ್ಯಾನನ್ ಮಾಡಿದ ಒಂದು ಕೆಲಸ ಈ ಚರ್ಚೆಗೆ ಚೆನ್ನಾದ ಉದಾಹರಣೆ. ಎಚ್‌ಎಫ್10 ಮತ್ತು ಎಚ್‌ಎಫ್100 ಎಂಬ ಎರಡು ಕ್ಯಾಮೆರಾಗಳ ನಡುವಿನ ಮುಖ್ಯ ವ್ಯತ್ಯಾಸ ಒಂದೇ: ಮೊದಲನೆಯದರಲ್ಲಿ 16 ಜಿಬಿ ನೆನಪನ್ನು ಒಳಗೇ ಕೂರಿಸಿ ಕಾರ್ಡಿನ ಕಿಂಡಿಯನ್ನೂ ಕೊಟ್ಟಿದ್ದರು, ಎರಡನೆಯದರಲ್ಲಿ ಕಿಂಡಿ ಮಾತ್ರ, ಬೆಲೆ ಕಡಿಮೆ. ಉಳಿದ ಹಣಕ್ಕೆ ಬೇಕಾದ ಕಾರ್ಡು ಕೊಳ್ಳಬಹುದು, ಮುಂದೆ ಕಾರ್ಡು ಅಗ್ಗವಾದಂತೆ ಇನ್ನೂ ದೊಡ್ಡದನ್ನು ಕೊಳ್ಳಬಹುದು. ಒಳಗಿನ 16 ಜಿಬಿ ಮಾತ್ರ ಕೊನೆಯವರೆಗೂ 16 ಜಿಬಿಯೇ. ನಾನಾಗಿದ್ದರೆ ಯೋಚಿಸದೆ ಎರಡನೆಯದನ್ನೇ ಆರಿಸುತ್ತಿದ್ದೆ.

ಕಾರ್ಡುಗಳ ಲೋಕದಲ್ಲೂ ಒಂದು ಜಗಳವಿತ್ತು. ಸೋನಿ 1998ರಿಂದ ತನ್ನದೇ ಮೆಮೊರಿ ಸ್ಟಿಕ್ ಬಳಸುತ್ತಿತ್ತು. ಅದನ್ನು ಹಾಕಲು ಬೇರೆಯವರ ಯಂತ್ರಗಳಲ್ಲಿ ಕಿಂಡಿ ಅಪರೂಪ. 2010ರಲ್ಲಿ ಸೋನಿಯೂ ತನ್ನ ಕ್ಯಾಮೆರಾಗಳಲ್ಲಿ ಎಸ್‌ಡಿ ಕಾರ್ಡಿಗೆ ಜಾಗ ಕೊಟ್ಟಿತು. ಆ ದಶಕದ ಮೊದಲ ಎರಡು ಮೂರು ವರ್ಷಗಳಲ್ಲಿ ಹಾರ್ಡ್ ಡಿಸ್ಕ್ ಕ್ಯಾಮೆರಾಗಳು ಅಂಗಡಿಗಳಿಂದ ಮರೆಯಾದವು.

ಕಾರ್ಡು ಟೇಪಲ್ಲ

ಕಾರ್ಡು ಗೆದ್ದಿತು, ಗೆಲ್ಲಬೇಕಾದದ್ದೂ ಅದೇ. ಆದರೆ ಕಾರ್ಡು ಕೂಡ ಹೊರತೆಗೆಯುವ ಮಾಧ್ಯಮ, ಟೇಪು ಕೂಡ ಹೊರತೆಗೆಯುವ ಮಾಧ್ಯಮ ಎಂದು ಎರಡನ್ನೂ ಒಂದೇ ಸಾಲಿನಲ್ಲಿ ಕೂರಿಸುವುದನ್ನು ನಾನು ಒಪ್ಪಲಾರೆ. ಟೇಪನ್ನು ತೆಗೆದಿಡುತ್ತಿದ್ದೆವು. ಕಾರ್ಡನ್ನು ಖಾಲಿ ಮಾಡುತ್ತೇವೆ. ಒಂದೋ ಎರಡೋ ಕಾರ್ಡು ಕೊಂಡು ಅದನ್ನೇ ನೂರು ಸಲ ಅಳಿಸಿ ಬಳಸುವುದು ರೂಢಿ. ಹಾಗಾಗಿ ಕಾಯುವ ಕೆಲಸ ಕಂಪ್ಯೂಟರಿಗೆ ಬಂತು, ಅದು ಕೆಟ್ಟಾಗ ಹಾರ್ಡ್ ಡಿಸ್ಕ್ ಕ್ಯಾಮೆರಾದಲ್ಲಿ ಆದ ನಷ್ಟವೇ ಆಗುತ್ತದೆ.

ಕಾರ್ಡಿನಲ್ಲಿ ಮಾಹಿತಿ ನಿಲ್ಲುವುದು ಅತಿಸಣ್ಣ ಕೋಶಗಳಲ್ಲಿ ಹಿಡಿದಿಟ್ಟ ವಿದ್ಯುದಂಶದಿಂದ. ಬರೆದು ಅಳಿಸಿದಷ್ಟೂ ಆ ಕೋಶಗಳು ಸವೆಯುತ್ತವೆ. ವರ್ಷಗಟ್ಟಲೆ ಬಳಸದೆ ಇಟ್ಟರೆ ಆ ಅಂಶ ನಿಧಾನವಾಗಿ ಸೋರುತ್ತದೆ, ಬಿಸಿಲ ಊರಿನಲ್ಲಿ ಇನ್ನೂ ಬೇಗ. ಉಗುರಿನಷ್ಟಿರುವ ಮೈಕ್ರೋ ಎಸ್‌ಡಿ ಕಳೆದುಹೋಗುವುದೂ ಸುಲಭ, ಅದರ ಬೆನ್ನ ಮೇಲೆ ‘ಪುಟ್ಟಿಯ ನಾಮಕರಣ’ ಎಂದು ಬರೆಯಲು ಜಾಗವೂ ಇಲ್ಲ. ಅಗ್ಗಕ್ಕೆ ಸಿಕ್ಕಿತೆಂದು ಕೊಂಡ ನಕಲಿ ಕಾರ್ಡು 64 ಜಿಬಿ ಎಂದು ಹೇಳಿಕೊಂಡು 8 ಜಿಬಿಯಷ್ಟೇ ಹಿಡಿಯುವುದುಂಟು. ಅದರಾಚೆ ಬರೆದದ್ದೆಲ್ಲ ಬರೆದಂತೆ ಕಂಡು ಇಲ್ಲವಾಗುತ್ತದೆ. ಹೊಸ ಕಾರ್ಡನ್ನು ಒಮ್ಮೆ ಪೂರ್ತಿ ತುಂಬಿಸಿ, ಕೊನೆಯ ದೃಶ್ಯ ಓಡುತ್ತದೆಯೇ ಎಂದು ನೋಡಿಯೇ ಶುಭಕಾರ್ಯಕ್ಕೆ ಒಯ್ಯಬೇಕು.

ವೇಗದ ಗುರುತನ್ನೂ ನೋಡಬೇಕು. ಕಾರ್ಡಿನ ಮೇಲೆ ವೃತ್ತದೊಳಗೆ 4 ಎಂದಿದ್ದರೆ ಸೆಕೆಂಡಿಗೆ ಕನಿಷ್ಠ 4 ಮೆಗಾಬೈಟ್, ಅಂದರೆ 32 ಮೆಗಾಬಿಟ್. ಎವಿಸಿಎಚ್‌ಡಿಗೆ ಅದು ಸಾಕಿತ್ತು. ಈಗಿನ 4ಕೆ ಕ್ಯಾಮೆರಾಗಳು 100 ಮೆಗಾಬಿಟ್ ಕೇಳುತ್ತವೆ, ಅದಕ್ಕೆ ವಿ30 ಗುರುತಿನದ್ದು ಬೇಕು. ಆ ವೇಗದಲ್ಲಿ 64 ಜಿಬಿ ಕಾರ್ಡು ಒಂದೂವರೆ ಗಂಟೆಯೊಳಗೆ ತುಂಬುತ್ತದೆ.

ಕಸುಬಿನವರು ಕಂಡುಕೊಂಡ ಪರಿಹಾರ ಎರಡು ಕಿಂಡಿ. 2011ರ ಕ್ಯಾನನ್ ಎಚ್‌ಎಫ್ ಜಿ10ರಲ್ಲಿ 32 ಜಿಬಿ ಒಳನೆನಪಿನ ಜೊತೆಗೆ ಎರಡು ಎಸ್‌ಡಿ ಕಿಂಡಿಗಳಿದ್ದವು. ಈಗ ಹಲವು ದುಬಾರಿ ಕ್ಯಾಮೆರಾಗಳು ಒಂದೇ ಚಿತ್ರವನ್ನು ಏಕಕಾಲಕ್ಕೆ ಎರಡು ಕಾರ್ಡಿಗೂ ಬರೆಯುತ್ತವೆ. ಒಂದು ಮನೆಯವರಿಗೆ, ಒಂದು ಎಡಿಟಿಂಗ್‌ಗೆ. ಟೇಪಿನ ಕಾಲದಲ್ಲೂ ಇಲ್ಲದ ಭದ್ರತೆ ಇದು.

ಮತ್ತೆ ಒಳಗೆ ಸೇರಿದ ನೆನಪು

ಹಾರ್ಡ್ ಡಿಸ್ಕ್ ಹೋದರೂ ಚಿತ್ರವನ್ನು ಒಳಗೇ ಇಡುವ ಆಲೋಚನೆ ಹೋಗಲಿಲ್ಲ. 2007ರ ಫ್ಲಿಪ್ ಕ್ಯಾಮೆರಾದಲ್ಲಿ ಕಾರ್ಡಿನ ಕಿಂಡಿಯೇ ಇರಲಿಲ್ಲ. ಒಳಗೆ ಚಿಪ್ಪು, ಪಕ್ಕದಿಂದ ಮಡಚಿ ತೆಗೆಯುವ ಯುಎಸ್‌ಬಿ ತೋಳು. ಜನ ಅದನ್ನು ಬಹಳ ಮೆಚ್ಚಿದರು. ಅದನ್ನು ಮಾಡಿದ ಪ್ಯೂರ್ ಡಿಜಿಟಲ್ ಕಂಪನಿಯನ್ನು 2009ರಲ್ಲಿ ಕೊಂಡ ಸಿಸ್ಕೋ 2011ರಲ್ಲಿ ಫ್ಲಿಪ್ ವ್ಯಾಪಾರವನ್ನೇ ಮುಚ್ಚಿತು. ಅಷ್ಟು ಹೊತ್ತಿಗೆ ಮೊಬೈಲು ಆ ಕೆಲಸ ಹೊತ್ತುಕೊಂಡಿತ್ತು.

ಮೊಬೈಲೇ ಇವತ್ತಿನ ಮನೆ ವಿಡಿಯೋ ಕ್ಯಾಮೆರಾ. ಐಫೋನಿನಲ್ಲಿ ಕಾರ್ಡಿಗೆ ಯಾವತ್ತೂ ಜಾಗವಿರಲಿಲ್ಲ. ಸ್ಯಾಮ್‌ಸಂಗ್ 2021ರ ಗ್ಯಾಲಕ್ಸಿ ಎಸ್21ರಲ್ಲಿ ಕಿಂಡಿ ತೆಗೆಯಿತು. ಅಂದರೆ 2005ರ ಎವೆರಿಯೋದ ಸ್ಥಿತಿಗೇ ನಾವು ಮರಳಿದ್ದೇವೆ: ಎರಡು ವರ್ಷದ ಚಿತ್ರ, ಒಂದೇ ಯಂತ್ರ, ಯಂತ್ರ ನೀರಿಗೆ ಬಿದ್ದರೆ ಎಲ್ಲ ಒಟ್ಟಿಗೆ. ಒಂದು ವ್ಯತ್ಯಾಸವಿದೆ, ಇಂಟರ್ನೆಟ್ಟಿನ ಮೂಲಕ ತಾನಾಗಿಯೇ ಪ್ರತಿ ಮಾಡಿಡುವ ವ್ಯವಸ್ಥೆ. ಆದರೆ ಉಚಿತ ಜಾಗ ತುಂಬಿದ ಮೇಲೆ ಆ ಪ್ರತಿ ನಿಂತುಹೋದದ್ದನ್ನು ಗಮನಿಸದವರು ಬಹಳ. 2023ರ ಐಫೋನ್ 15 ಪ್ರೋ, ಯುಎಸ್‌ಬಿ ತಂತಿಯಲ್ಲಿ ಜೋಡಿಸಿದ ಹೊರಗಿನ ಡಿಸ್ಕಿಗೆ ನೇರ ರೆಕಾರ್ಡ್ ಮಾಡುವ ಅನುಕೂಲ ಕೊಟ್ಟಿತು. ಡಿಜೆಐ 2024ರ ಆಕ್ಷನ್ 5 ಪ್ರೋದಲ್ಲಿ 47 ಜಿಬಿ ಒಳನೆನಪನ್ನೂ ಕಾರ್ಡಿನ ಕಿಂಡಿಯನ್ನೂ ಒಟ್ಟಿಗೆ ಇಟ್ಟಿತು. ಕಾರ್ಡು ಮನೆಯಲ್ಲೇ ಮರೆತು ಬಂದವರಿಗೆ ಒಳಗಿನದು ಆಪತ್ತಿಗಾಗುತ್ತದೆ, ಉಳಿದ ದಿನ ಕಾರ್ಡು. ಎರಡರಲ್ಲಿ ಒಂದನ್ನೇ ಆರಿಸಬೇಕೆಂಬ ಹಟ ಮೊದಲಿನಿಂದಲೂ ಬೇಕಿರಲಿಲ್ಲ.

ಬೀರುವಿನಲ್ಲಿರುವ ಹಳೆಯ ಕ್ಯಾಮೆರಾ

2005ರಿಂದ 2012ರ ನಡುವೆ ಕೊಂಡ ಹಾರ್ಡ್ ಡಿಸ್ಕ್ ಕ್ಯಾಮೆರಾ ನಿಮ್ಮ ಮನೆಯಲ್ಲಿದ್ದರೆ ಅದನ್ನು ಈ ವಾರವೇ ಹೊರಗೆ ತೆಗೆಯಿರಿ. ಒಳಗಿನ ಡಿಸ್ಕಿಗೆ ವಯಸ್ಸಾಗಿದೆ. ಬ್ಯಾಟರಿ ಬಹುಶಃ ಸತ್ತಿರುತ್ತದೆ, ಚಾರ್ಜರ್ ತಂತಿಯಲ್ಲೇ ಓಡಿಸಿ. ಕಂಪ್ಯೂಟರಿಗೆ ಇಳಿಸುವಾಗ ಚಾರ್ಜರ್ ಸಿಕ್ಕಿಸಿಯೇ ಇರಬೇಕೆಂದು ಹಟ ಹಿಡಿಯುವ ಮಾದರಿಗಳೂ ಇವೆ. ಬೇರೆ ಚಾರ್ಜರ್ ಬಳಸುವುದಾದರೆ ವೋಲ್ಟೇಜ್ ಮತ್ತು ಪಿನ್ನಿನ ಧ್ರುವ ಎರಡೂ ಹೊಂದಬೇಕು. ಕೆಲವು ಮಾದರಿಗಳಲ್ಲಿ ಯುಎಸ್‌ಬಿ ಕಿಂಡಿ ಕ್ಯಾಮೆರಾದ ಮೈಮೇಲೆ ಇಲ್ಲ, ಜೊತೆಗೆ ಕೊಟ್ಟಿದ್ದ ಪೀಠದ ಹಿಂಬದಿಯಲ್ಲಿದೆ. ಆ ಪೀಠವನ್ನು ಹಳೆ ಡಬ್ಬಗಳಲ್ಲಿ ಹುಡುಕಬೇಕಾದೀತು.

ಆನ್ ಮಾಡಿದಾಗ ‘ಇಮೇಜ್ ಡೇಟಾಬೇಸ್’ ರಿಪೇರಿ ಮಾಡಲೇ ಎಂದು ಕ್ಯಾಮೆರಾ ಕೇಳಿದರೆ ಒಪ್ಪಬೇಡಿ, ಫಾರ್ಮ್ಯಾಟ್ ಎಂದರೆ ಖಂಡಿತ ಬೇಡ. ಮೊದಲು ಕಂಪ್ಯೂಟರಿಗೆ ಜೋಡಿಸಿ, ಕಾಣುವ ಎಲ್ಲವನ್ನೂ ಫೋಲ್ಡರ್ ಸಮೇತ ಇದ್ದ ಹಾಗೇ ನಕಲು ಮಾಡಿಕೊಳ್ಳಿ. ಬರೀ ವಿಡಿಯೋ ಕಡತಗಳನ್ನು ಆರಿಸಿ ತೆಗೆದರೆ ತೊಂದರೆಯಿದೆ. ಆ ಡಿಸ್ಕುಗಳ ಕಡತ ವ್ಯವಸ್ಥೆ ಒಂದು ಕಡತಕ್ಕೆ 4 ಜಿಬಿಗಿಂತ ಹೆಚ್ಚು ಬಿಡುವುದಿಲ್ಲ, ಹಾಗಾಗಿ ಉದ್ದನೆಯ ದೃಶ್ಯಗಳು ತುಂಡು ತುಂಡಾಗಿ ಬರೆಯಲ್ಪಟ್ಟಿವೆ. ಅವನ್ನು ಸೇರಿಸುವ ಸೂಚನೆ ಪಕ್ಕದ ಪುಟ್ಟ ಕಡತಗಳಲ್ಲಿದೆ. ಕೊನೆಯಲ್ಲಿ ಎಂಟಿಎಸ್ ಎಂದಿರುವವು ಎವಿಸಿಎಚ್‌ಡಿ, ವಿಎಲ್‌ಸಿ ಪ್ಲೇಯರಿನಲ್ಲಿ ನೇರ ಓಡುತ್ತವೆ. ಎಂಒಡಿ ಎಂದಿರುವವು ಎಂಪೆಗ್-2, ಹೆಸರಿನ ಕೊನೆಯನ್ನು ಎಂಪಿಜಿ ಎಂದು ಬದಲಿಸಿದರೂ ಸಾಕು. ಅಗಲ ಪರದೆಯ ದೃಶ್ಯದಲ್ಲಿ ಮುಖಗಳು ಕಿರಿದಾಗಿ ಕಂಡರೆ ಗಾಬರಿ ಬೇಡ, ಅಗಲದ ಗುರುತು ಜೊತೆಗಿನ ಎಂಒಐ ಕಡತದಲ್ಲಿದೆ. ಪ್ಲೇಯರಿನಲ್ಲಿ 16:9 ಎಂದು ಆರಿಸಿದರೆ ಸರಿಹೋಗುತ್ತದೆ.

ಡಿಸ್ಕ್ ಟಿಕ್ ಟಿಕ್ ಎಂದು ಒಂದೇ ತಾಳದಲ್ಲಿ ಬಡಿದುಕೊಂಡರೆ ಕೂಡಲೇ ನಿಲ್ಲಿಸಿ. ತಟ್ಟುವುದು, ಕುಲುಕುವುದು, ಹತ್ತು ಸಲ ಆನ್ ಆಫ್ ಮಾಡುವುದು ಬೇಡ. ಮಾಹಿತಿ ಮರಳಿ ತೆಗೆಯುವ ಪರಿಣತರ ಬಳಿ ಒಯ್ದರೆ ಆಸೆ ಉಂಟು, ಖರ್ಚೂ ಉಂಟು.

ನಕಲು ಮುಗಿದ ಮೇಲೆ ಪ್ರತಿ ಕಡತದ ಮೊದಲು, ನಡು, ಕೊನೆ ಓಡಿಸಿ ನೋಡಿ. ಇನ್ನೊಂದು ಪ್ರತಿಯನ್ನು ಬೇರೆ ಮನೆಯಲ್ಲಿಡಿ, ಅಣ್ಣನದೋ ಮಗಳದೋ. ಆಮೇಲೆ ಕ್ಯಾಮೆರಾವನ್ನು ಯಾರಿಗಾದರೂ ಕೊಡುವುದಾದರೆ, ಬರೀ ಅಳಿಸಿದರೆ ಚಿತ್ರ ಹೋಗುವುದಿಲ್ಲ, ಬಲ್ಲವರು ಮರಳಿ ತೆಗೆಯಬಲ್ಲರು. ಕೆಲವು ಕ್ಯಾಮೆರಾಗಳಲ್ಲಿ ಡಿಸ್ಕಿನ ಮೇಲೆ ಪೂರ್ತಿ ಮರುಬರೆಯುವ ಆಯ್ಕೆ ಮೆನುವಿನಲ್ಲೇ ಇದೆ. ಇಲ್ಲದಿದ್ದರೆ ಫಾರ್ಮ್ಯಾಟ್ ಮಾಡಿ, ಲೆನ್ಸಿನ ಮುಚ್ಚಳ ಹಾಕಿ, ಚಾರ್ಜರ್ ಸಿಕ್ಕಿಸಿ, ರೆಕಾರ್ಡ್ ಗುಂಡಿ ಒತ್ತಿ ಇಟ್ಟುಬಿಡಿ. ಡಿಸ್ಕಿನ ಗಾತ್ರಕ್ಕೆ ತಕ್ಕಷ್ಟು ಗಂಟೆಗಳಲ್ಲಿ ಅದರ ಉದ್ದಕ್ಕೂ ಕತ್ತಲೆ ತುಂಬಿಕೊಳ್ಳುತ್ತದೆ.